ಮನೆಯ ಯಂತ್ರವಿಚಾರ: ಕಾರಿನ ರೇಡಿಯೇಟರಿಗೆ ವಿದ್ಯುತ್ ಬೀಸಣಿಗೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ, ರಾಮನಗರವನ್ನು ಬಿಟ್ಟು ಚನ್ನಪಟ್ಟಣವನ್ನು ಸೇರುವುದಕ್ಕೆ ಮೊದಲು, ಕೆಂಗಲ್ ಸಿಕ್ಕುವುದು. ಕೆಂಪು ಕಲ್ಲಿನಲ್ಲಿ ಮೂಡಿರುವ ಆಂಜನೇಯಸ್ವಾಮಿಯಿಂದ ಸ್ಥಳಕ್ಕೆ ಈ ಹೆಸರಾಯಿತೆಂದು ಹೇಳುವರು. ಪ್ರತಿವರ್ಷವೂ ಸಂಕ್ರಾಂತಿಯ ಹೊತ್ತಿಗೆ ಇಲ್ಲಿ ನೆರೆಯುವ ದನಗಳ ಜಾತ್ರೆಯು ಸುತ್ತಲಿನ ಸೀಮೆಗೆಲ್ಲ ಪ್ರಸಿದ್ಧವಾದುದು. 2023ರ ಮಾರ್ಚಿಯಲ್ಲಿ ಹೊಸ ಹೆದ್ದಾರಿಯು ತೆರೆದ ಮೇಲೆ ದೂರ ಪ್ರಯಾಣದ ಗಾಡಿಗಳು ಬಹುಮಟ್ಟಿಗೆ ಊರುಗಳ ಹೊರಗಿನಿಂದಲೇ ಸಾಗಿಹೋಗುವುವು. ಆದರೆ ಊರಿನವರಿಗೂ, ಸ್ವಾಮಿಯ ದರ್ಶನಕ್ಕೆ ಬರುವವರಿಗೂ ಹಳೆಯ ರಸ್ತೆಯೇ ಗತಿ. ಜಾತ್ರೆಯ ದಿನಗಳಲ್ಲಿ ಆ ರಸ್ತೆಯ ಮೇಲೆ ಮೋಟಾರು ಗಾಡಿಯು ಎತ್ತಿನ ಹೆಜ್ಜೆಗಿಂತ ಮೆಲ್ಲನೆ ಸರಿಯಬೇಕಾಗುವುದು.

ಈ ಸೀಮೆಯ ವಾಚಕರೊಬ್ಬರು ಈ ತಿಂಗಳು ನಮಗೊಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದಾರೆ. ಅವರ ಮನೆಯಲ್ಲಿ ತೀರಿಹೋದ ತಂದೆಯವರು ಕೊಂಡಿದ್ದ ಅಂಬಾಸಿಡರ್ ಕಾರೊಂದು ಇನ್ನೂ ಓಡುತ್ತಿದೆ. ಬೆಳಗ್ಗೆ ಬರಿದಾದ ರಸ್ತೆಯಲ್ಲಿ ಅದಕ್ಕೆ ಯಾವ ತೊಂದರೆಯೂ ಇಲ್ಲ. ಜಾತ್ರೆಯ ಸಂದಣಿಯಲ್ಲಿ ಕಾಲು ಗಂಟೆ ನಿಂತು ನಿಂತು ಸರಿದರೆ ಸಾಕು, ಶಾಖವನ್ನು ತೋರಿಸುವ ಮುಳ್ಳು ತುದಿಗೇರಿ ರೇಡಿಯೇಟರಿನಿಂದ ಹಬೆಯೇಳುವುದು. ಕಳೆದ ಸಲ ವೃದ್ಧೆಯಾದ ತಾಯಿಯನ್ನೂ ಚಿಕ್ಕ ಮಕ್ಕಳನ್ನೂ ಬಿಸಿಲಿನಲ್ಲಿ ರಸ್ತೆಯ ಪಕ್ಕಕ್ಕೆ ಇಳಿಸಿ ಕೂರಿಸಬೇಕಾಯಿತಂತೆ. ಗಾಡಿಯನ್ನು ಮಾರಿಬಿಡೋಣವೆಂದು ತಮ್ಮಂದಿರ ಮತ, ತಾಯಿಯವರಿಗೆ ಮನಸ್ಸಿಲ್ಲ. ಈ ನಡುವೆ ಅಂಗಡಿಯವರೊಬ್ಬರು, ಮೇಲೆ ದೊಡ್ಡದೊಂದು ಅಂಕಿಯನ್ನು ಅಚ್ಚುಹಾಕಿದ ಡಬ್ಬಿಯನ್ನು ತೋರಿಸಿ, ಈ ವಿದ್ಯುತ್ ಫ್ಯಾನನ್ನು ಹಾಕಿಸಿದರೆ ಮುಂದೆ ಚಿಂತೆಯೇ ಇಲ್ಲವೆಂದು ಹೇಳಿದ್ದಾರೆ. ಕೊಳ್ಳಬಹುದೇ? ಕೊಂಡರೆ ಎಂತಹುದನ್ನು ಕೊಳ್ಳಬೇಕು? ಇದು ಅವರ ಪ್ರಶ್ನೆ.

ವಾಯುಪುತ್ರನ ಸನ್ನಿಧಿಯಲ್ಲಿಯೇ ಗಾಳಿಯಿಲ್ಲದೆ ಗಾಡಿಯೊಂದು ಕುದಿಯುವುದೆಂದರೆ ವಿನೋದವಾಗಿ ಕಾಣಬಹುದು. ಆದರೆ ಹೀಗೆ ಎರಡು ಮೂರು ಸಲ ಕುದಿದ ಎಂಜಿನ್ನಿನ ತಲೆಭಾಗವು ಸೊಟ್ಟಗಾಗಿ, ಸಾವಿರಾರು ರೂಪಾಯಿಗಳ ವೆಚ್ಚಕ್ಕೆ ಕಾರಣವಾಗುವುದುಂಟು. ಆದುದರಿಂದ ವಿಷಯವನ್ನು ಮೊದಲಿನಿಂದ ವಿಚಾರಮಾಡುವುದು ಮೇಲು.

ಮೊದಲು ರೋಗ, ಆಮೇಲೆ ಮದ್ದು

ಎಂಜಿನ್ನಿನಲ್ಲಿ ಉರಿದ ಪೆಟ್ರೋಲಿನ ಶಕ್ತಿಯೆಲ್ಲವೂ ಚಕ್ರವನ್ನು ತಿರುಗಿಸುವುದಕ್ಕೆ ಒದಗುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ ಮೂರರಲ್ಲಿ ಒಂದು ಪಾಲು ಹೊಗೆಯ ಕೊಳವೆಯಿಂದ ಹೊರಟುಹೋಗುವುದು. ಇನ್ನೊಂದು ಪಾಲು ಎಂಜಿನ್ನಿನ ಗೋಡೆಗಳಿಗೆ ಏರಿ, ಅಲ್ಲಿ ಸುತ್ತುವ ನೀರಿಗೆ ಸೇರುವುದು. ಉಳಿದುದರಿಂದ ಗಾಡಿ ನಡೆಯುವುದು. ನೀರಿಗೆ ಸೇರಿದ ಶಾಖವನ್ನು ಗಾಳಿಗೆ ಒಪ್ಪಿಸುವುದೇ ರೇಡಿಯೇಟರಿನ ಕೆಲಸ. ಸಣ್ಣ ಕೊಳವೆಗಳೂ, ಅವುಗಳಿಗೆ ಅಂಟಿದ ತೆಳುವಾದ ತಗಡಿನ ರೆಕ್ಕೆಗಳೂ ಸೇರಿ ಜೇನುಹಟ್ಟಿಯಂತೆ ಕಾಣುವ ಈ ಅಂಗವನ್ನು ಜರ್ಮನಿಯ ವಿಲ್‌ಹೆಲ್ಮ್ ಮೇಬಾಕ್ ಎಂಬ ಯಂತ್ರಶಿಲ್ಪಿಯು 1900ರ ಸುಮಾರಿನಲ್ಲಿ ಮರ್ಸಿಡಿಸ್ ಗಾಡಿಗಾಗಿ ರೂಪಿಸಿದನು. ಅದರಲ್ಲಿ ಎಂಟು ಸಾವಿರಕ್ಕೂ ಮಿಕ್ಕ ಸಣ್ಣ ಕೊಳವೆಗಳಿದ್ದುವು. ಹಿಂದುಗಡೆ ಒಂದು ಬೀಸಣಿಗೆಯೂ ಇದ್ದಿತು.

ಬೀಸಣಿಗೆಯು ಏಕೆ ಬೇಕಾಯಿತು? ಗಾಡಿಯು ಓಡುತ್ತಿರುವಾಗ ಎದುರು ಗಾಳಿಯೇ ರೇಡಿಯೇಟರನ್ನು ಹೊಕ್ಕು ಹೊರಡುವುದು. ಆಗ ರಸ್ತೆಯೇ ಬೀಸಣಿಗೆ. ಗಾಡಿಯು ನಿಂತೊಡನೆ ಆ ಗಾಳಿಯು ನಿಲ್ಲುವುದು, ಎಂಜಿನ್ನಿನ ಉರಿಯು ಮಾತ್ರ ನಿಲ್ಲುವುದಿಲ್ಲ. ಒಳ್ಳೆಯ ವಿದ್ಯುತ್ ಫ್ಯಾನು ರೇಡಿಯೇಟರಿನ ಮೂಲಕ ಎಳೆಯುವ ಗಾಳಿಯ ವೇಗವನ್ನು ಲೆಕ್ಕಹಾಕಿದರೆ ಗಂಟೆಗೆ ಸುಮಾರು 8 ಕಿಲೋಮೀಟರಿನಷ್ಟಾಗುವುದು. ಗಂಟೆಗೆ 60 ಕಿಲೋಮೀಟರು ಓಡುವ ಗಾಡಿಗೆ ಇದರಿಂದ ಹೆಚ್ಚಿನ ಉಪಕಾರವೇನೂ ಇಲ್ಲ. ನಿಂತ ಗಾಡಿಗೆ ಇದೇ ಪ್ರಾಣ.

ಇದರಿಂದ ಒಂದು ಸುಲಭವಾದ ಸೂತ್ರವು ದೊರೆಯುವುದು. ನಿಂತಾಗ ಕಾದು, ಓಡಿದಾಗ ತಣ್ಣಗಾಗುವ ಗಾಡಿಗೆ ಗಾಳಿಯ ಕೊರತೆ. ಅದಕ್ಕೆ ಫ್ಯಾನು ಮದ್ದು. ನಿಂತಾಗ ಸುಮ್ಮನಿದ್ದು, ಏರಿನಲ್ಲಿಯೂ ಹೆದ್ದಾರಿಯ ವೇಗದಲ್ಲಿಯೂ ಕಾಯುವ ಗಾಡಿಗೆ ನೀರಿನ ಕಡೆಯ ದೋಷ: ಕೊಳವೆಗಳಲ್ಲಿ ಕಟ್ಟಿದ ಗಸಿ, ಸವೆದ ನೀರಿನ ಪಂಪು, ತೆರೆಯದೆ ಹೋದ ಥರ್ಮೋಸ್ಟಾಟು, ಅಥವಾ ಎಂಜಿನ್ನಿನ ತಲೆಯ ಕೆಳಗಿನ ಗ್ಯಾಸ್ಕೆಟ್ಟಿನ ಬಿರುಕು. ಇದಕ್ಕೆ ಎಷ್ಟು ದೊಡ್ಡ ಫ್ಯಾನನ್ನು ಹಾಕಿಸಿದರೂ ಹಣ ವ್ಯರ್ಥ. ಎರಡು ಸಂದರ್ಭಗಳಲ್ಲಿಯೂ ಕಾಯುವುದಾದರೆ ರೇಡಿಯೇಟರನ್ನು ಮೊದಲು ಪರೀಕ್ಷಿಸತಕ್ಕದ್ದು. ನಮ್ಮ ವಾಚಕರ ಗಾಡಿಯು ಮೊದಲನೆಯ ವರ್ಗಕ್ಕೆ ಸೇರಿದುದೆಂಬುದು ಅವರ ಬರವಣಿಗೆಯಿಂದಲೇ ಸ್ಪಷ್ಟವಾಗಿದೆ.

ಹಾಗಿದ್ದರೂ ಹಣ ಬಿಚ್ಚುವುದಕ್ಕೆ ಮೊದಲು ಕೆಲವು ಅಲ್ಪವೆಚ್ಚದ ಕೆಲಸಗಳುಂಟು. ರೇಡಿಯೇಟರಿನ ರೆಕ್ಕೆಗಳ ಸಂದಿಯಲ್ಲಿ ಧೂಳು, ಹುಲ್ಲಿನ ಹೊಟ್ಟು, ಸತ್ತ ಹುಳುಗಳು ಸೇರಿ ಗೋಡೆ ಕಟ್ಟಿರಬಹುದು. ಎಂಜಿನ್ ತಣ್ಣಗಿರುವಾಗ ಹಿಂಬದಿಯಿಂದ ಮುಂದಕ್ಕೆ ಮೆಲ್ಲನೆ ನೀರು ಹಾಯಿಸಿ ತೊಳೆಯಬೇಕು. ಜೋರಾಗಿ ಹೊಡೆದರೆ ರೆಕ್ಕೆಗಳು ಮಡಿಸಿಹೋಗುವುವು. ಬೆಲ್ಟಿನಿಂದ ತಿರುಗುವ ಫ್ಯಾನಾದರೆ ಬೆಲ್ಟು ಸಡಿಲವಾಗಿದೆಯೇ ಎಂದು ನೋಡಬೇಕು. ರೇಡಿಯೇಟರಿನ ಮುಚ್ಚಳವನ್ನೂ ಮರೆಯಬಾರದು. ರಾಮನಗರ ಚನ್ನಪಟ್ಟಣಗಳ ನೆಲವು ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ, ಇಲ್ಲಿ ಬರಿಯ ನೀರು 100 ಡಿಗ್ರಿಗೆ ಬದಲಾಗಿ 97–98 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯುವುದು. ಮುಚ್ಚಳವು ಒಳಗಿನ ಒತ್ತಡವನ್ನು ಹಿಡಿದಿಟ್ಟು ಈ ಮಿತಿಯನ್ನು ಮೇಲಕ್ಕೇರಿಸುವುದು: ಒಂದೊಂದು ಪೌಂಡು ಒತ್ತಡಕ್ಕೆ ಸುಮಾರು ಒಂದೂವರೆ ಡಿಗ್ರಿ. ಮುಚ್ಚಳದ ರಬ್ಬರು ಒಣಗಿ ಒಡೆದಿದ್ದರೆ ಈ ಉಪಕಾರವೆಲ್ಲ ನಷ್ಟ.

ಬೆಲ್ಟಿನ ಫ್ಯಾನೂ ವಿದ್ಯುತ್ ಫ್ಯಾನೂ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಹಳೆಯ ಜೀಪು ಮುಂತಾದುವುಗಳಲ್ಲಿ ಫ್ಯಾನು ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುವುದು. ಈ ಏರ್ಪಾಡು ಗಟ್ಟಿಯಾದುದು, ತಂತಿಯ ತೊಂದರೆಯಿಲ್ಲ. ಆದರೆ ಅದರಲ್ಲೊಂದು ವಿಪರ್ಯಾಸವುಂಟು. ಗಾಡಿ ನಿಂತು ಎಂಜಿನ್ ಮೆಲ್ಲನೆ ತಿರುಗುವಾಗ, ಎಂದರೆ ಗಾಳಿಯು ಅತ್ಯವಶ್ಯವಾದಾಗ, ಫ್ಯಾನೂ ಮೆಲ್ಲನೆ ತಿರುಗುವುದು. ಗಾಡಿಯು ವೇಗವಾಗಿ ಓಡಿ ಗಾಳಿಯು ತಾನಾಗಿಯೇ ಸಿಕ್ಕುವಾಗ ಫ್ಯಾನು ರಭಸದಿಂದ ತಿರುಗಿ ಎಂಜಿನ್ನಿನ ಬಲವನ್ನು ತಿನ್ನುವುದು. ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ಬೇಡುವ ಬಲ ಎಂಟು ಪಟ್ಟಾಗುವುದೆಂಬುದು ಯಂತ್ರಶಾಸ್ತ್ರದ ನಿಯಮ.

ವಿದ್ಯುತ್ ಫ್ಯಾನಿಗೆ ಎಂಜಿನ್ನಿನ ವೇಗದ ಹಂಗಿಲ್ಲ. ನೀರು ಕಾದಾಗ ತಾನಾಗಿ ತಿರುಗಿ, ತಣಿದಾಗ ನಿಲ್ಲುವುದು. ನಮ್ಮ ದೇಶದ ಸಾಮಾನ್ಯ ಕುಟುಂಬಗಳಿಗೆ ಇದು ಪರಿಚಯವಾದುದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರಿನಿಂದ ಎನ್ನಬಹುದು. ಅದರ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿದ್ದುದರಿಂದ ಬೆಲ್ಟಿನ ತುದಿಯು ಚಕ್ರದ ಕಡೆಗೆ ಮುಖಮಾಡಿತು. ಮುಂದಿರುವ ರೇಡಿಯೇಟರಿಗೆ ಪ್ರತ್ಯೇಕವಾದ ವಿದ್ಯುತ್ ಫ್ಯಾನನ್ನೇ ಇಡಬೇಕಾಯಿತು. ಇಂದಿನ ಸಣ್ಣ ಕಾರುಗಳಲ್ಲಿ ಬಹುಪಾಲು ಇದೇ ರೀತಿಯವು.

ಎಲ್ಲ ಗಾಡಿಗೂ ಬದಲಾವಣೆಯು ಹಿತವೆಂದು ಮಾತ್ರ ತಿಳಿಯಬಾರದು. ಕೆಂಗಲ್ಲಿಗೆ ಸಮೀಪದ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2000ದಲ್ಲಿ ಹೊರಬಂದ ಕ್ವಾಲಿಸ್, ಅದರ ತರುವಾಯ ಬಂದ ಇನ್ನೋವಾ, ಇವುಗಳಲ್ಲಿ ಬೆಲ್ಟಿನ ಫ್ಯಾನಿಗೆ ದ್ರವ ತುಂಬಿದ ಕ್ಲಚ್ಚೊಂದು ಇರುವುದು. ಶಾಖವೇರಿದಾಗ ಅದು ಬಿಗಿಯಾಗಿ ಫ್ಯಾನನ್ನು ಜೋರಾಗಿ ತಿರುಗಿಸುವುದು, ತಣಿದಾಗ ಸಡಿಲವಾಗುವುದು. ಎಂಟು ಜನರನ್ನು ಹೊತ್ತು ಘಟ್ಟವನ್ನೇರುವ ಇಂತಹ ಗಾಡಿಯಲ್ಲಿ ಕ್ಲಚ್ಚು ಕೆಟ್ಟರೆ ಕ್ಲಚ್ಚನ್ನೇ ಹೊಸದಾಗಿ ಹಾಕಿಸುವುದು ಸರಿ. ಅದನ್ನು ಕಿತ್ತು ಅಗ್ಗದ ವಿದ್ಯುತ್ ಫ್ಯಾನನ್ನು ಕೂರಿಸುವುದು ಎತ್ತನ್ನು ಮಾರಿ ಕರುವಿಗೆ ನೊಗ ಹೂಡಿದಂತೆ.

ಡಬ್ಬಿಯ ಮೇಲಿನ ಅಂಕಿ

ಈಗ ಅಂಗಡಿಯ ಡಬ್ಬಿಯ ವಿಚಾರ. ಅದರ ಮೇಲೆ ಸಿ.ಎಫ್.ಎಂ. ಎಂಬ ಅಕ್ಷರಗಳ ಮುಂದೆ 1,500, 2,000, 2,500 ಎಂದು ಅಂಕಿಗಳಿರುವುವು. ಒಂದು ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿಯನ್ನು ಫ್ಯಾನು ಸಾಗಿಸುವುದೆಂದು ಇದರ ಅರ್ಥ. ಸಾವಿರ ಘನ ಅಡಿಯೆಂದರೆ ಸುಮಾರು 28 ಘನ ಮೀಟರು.

ಈ ಅಂಕಿಯನ್ನು ಬಹುತೇಕ ಬರಿಯ ಬಯಲಿನಲ್ಲಿ, ಮುಂದೆ ಹಿಂದೆ ಯಾವ ಅಡ್ಡಿಯೂ ಇಲ್ಲದೆ ಅಳೆದಿರುತ್ತಾರೆ. ಸೊಳ್ಳೆಪರದೆಯೊಳಗೆ ಮಲಗಿದವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಹೊರಗೆ ಇಟ್ಟ ಮೇಜಿನ ಫ್ಯಾನು ಎಷ್ಟು ಜೋರಾಗಿ ತಿರುಗಿದರೂ ಪರದೆಯನ್ನು ದಾಟಿ ಬರುವ ಗಾಳಿ ಸ್ವಲ್ಪವೇ. ರೇಡಿಯೇಟರು ಸೊಳ್ಳೆಪರದೆಗಿಂತ ಎಷ್ಟೋ ಪಾಲು ದಟ್ಟವಾದುದು. ಏರ್ ಕಂಡೀಷನರ್ ಇದ್ದರೆ ಅದರ ಮುಂದೆ ಮತ್ತೊಂದು ಜಾಲರಿ. ಬಯಲಿನಲ್ಲಿ ಸರಿಸಮವಾಗಿ ಕಾಣುವ ಎರಡು ಫ್ಯಾನುಗಳಲ್ಲಿ ಒಂದು ಈ ತಡೆಯನ್ನು ಗೆದ್ದು ಗಾಳಿಯನ್ನೆಳೆಯುವುದು, ಇನ್ನೊಂದು ಇದ್ದಲ್ಲಿಯೇ ಗಾಳಿಯನ್ನು ಕಡೆಯುತ್ತ ಸದ್ದುಮಾಡುವುದು. ಇಟಲಿಯ ಸ್ಪಾಲ್ ಮೊದಲಾದ ಹೆಸರಾಂತ ತಯಾರಕರು, ಎಷ್ಟು ತಡೆಗೆ ಎಷ್ಟು ಗಾಳಿಯೆಂಬುದನ್ನು ರೇಖಾಚಿತ್ರದಲ್ಲಿ ಪ್ರಕಟಿಸುವರು. ಅಂತಹ ವಿವರವನ್ನು ಕೊಡುವ ಸರಕು ನಂಬಿಕೆಗೆ ಅರ್ಹವಾದುದು.

ವಿವರವಿಲ್ಲದಿದ್ದರೆ ಏನು ಮಾಡಬೇಕು? ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಮಾರುವವನ ಮಾತನ್ನು ಬಿಟ್ಟು ಹಲ್ಲು ನೋಡುವಂತೆ, ಫ್ಯಾನು ಕೊಳ್ಳುವವನು ಆಂಪಿಯರನ್ನು ನೋಡಬೇಕು. “ಸ್ವಾಮಿ, ಇದು ಎಷ್ಟು ಆಂಪಿಯರು ಎಳೆಯುವುದು?” ಎಂದು ಕೇಳಿರಿ. 12 ವೋಲ್ಟಿನಲ್ಲಿ 7 ಆಂಪಿಯರು ಎಳೆಯುವ ಮೋಟಾರಿಗೆ ಸಿಕ್ಕುವುದು 84 ವಾಟು. 20 ಆಂಪಿಯರು ಎಳೆಯುವುದಕ್ಕೆ 240 ವಾಟು. ಮೋಟಾರುಗಳ ಗುಣದಲ್ಲಿ ಹೆಚ್ಚು ಕಡಮೆ ಇದ್ದೇ ಇರುವುದು. ಆದರೂ 84 ವಾಟಿನ ಮೋಟಾರು 240 ವಾಟಿನದರ ಕೆಲಸವನ್ನು ಮಾಡಿತೆಂದು ಡಬ್ಬಿಯು ಹೇಳಿದರೆ ಅದನ್ನು ಕೆಳಗಿಟ್ಟು ಬರುವುದು ಲೇಸು. ಮೇವು ತಿನ್ನದೆ ಉಳುವ ಎತ್ತು ಲೋಕದಲ್ಲಿಲ್ಲ.

ಎಷ್ಟು ಗಾಳಿ ಬೇಕೆಂಬುದಕ್ಕೂ ಸ್ಥೂಲವಾದ ಲೆಕ್ಕವುಂಟು. ಸುಮ್ಮನೆ ನಿಂತ ಎಂಜಿನ್ ಗಂಟೆಗೆ ಒಂದು ಲೀಟರು ಪೆಟ್ರೋಲು ಕುಡಿಯುವುದೆಂದು ಹಿಡಿದರೆ, ನೀರಿಗೆ ಸೇರುವ ಶಾಖ ಸುಮಾರು 3 ಕಿಲೋವಾಟು. ಎಂದರೆ ಸ್ನಾನದ ನೀರು ಕಾಯಿಸುವ ದೊಡ್ಡ ಗೀಸರಿನಷ್ಟು. ಒಂದು ಘನ ಮೀಟರು ಗಾಳಿಯು 20 ಡಿಗ್ರಿ ಕಾಯುವಾಗ ಸುಮಾರು 23 ಕಿಲೋಜೂಲು ಶಾಖವನ್ನು ಹೊತ್ತೊಯ್ಯುವುದು. ಈ ಲೆಕ್ಕದಂತೆ ನಿಂತ ಗಾಡಿಗೆ ನಿಮಿಷಕ್ಕೆ 300 ಘನ ಅಡಿಗಿಂತ ಕಡಮೆ ಸಾಕು. ಏರ್ ಕಂಡೀಷನರ್ ಹಾಕಿಕೊಂಡು, ತುಂಬಿದ ಗಾಡಿಯನ್ನು ಕ್ಲಚ್ಚು ಹಿಡಿದು ಬಿಟ್ಟು ಸರಿಸುವಾಗ ಶಾಖವು 10 ಕಿಲೋವಾಟಿಗೇರಿತೆಂದರೆ ಸುಮಾರು 900 ಘನ ಅಡಿ ಬೇಕು. ಇಲ್ಲಿ ಹೇಳಿದುದು ರೇಡಿಯೇಟರನ್ನು ನಿಜವಾಗಿಯೂ ದಾಟುವ ಗಾಳಿ, ಡಬ್ಬಿಯ ಗಾಳಿಯಲ್ಲ. ಅಗತ್ಯವು ಅಂಗಡಿಯವರು ಹೆದರಿಸುವಷ್ಟು ದೊಡ್ಡದೂ ಅಲ್ಲ, ಅಗ್ಗದ ಫ್ಯಾನು ತೀರಿಸುವಷ್ಟು ಚಿಕ್ಕದೂ ಅಲ್ಲವೆಂಬುದು ಇದರಿಂದ ತಿಳಿಯುವುದು.

ಅಗಲ, ಕವಚ, ಸ್ಥಾನ

20 ಅಂಗುಲ ಅಗಲ, 16 ಅಂಗುಲ ಎತ್ತರದ ರೇಡಿಯೇಟರಿನ ವಿಸ್ತೀರ್ಣ 320 ಚದರ ಅಂಗುಲ. 14 ಅಂಗುಲದ ಫ್ಯಾನಿನ ವೃತ್ತ ಸುಮಾರು 154 ಚದರ ಅಂಗುಲ; ಅರ್ಧಕ್ಕೂ ಕಡಮೆ. 16 ಅಂಗುಲದ್ದಾದರೆ 201. ಹತ್ತು ಅಂಗುಲದ ಎರಡು ಫ್ಯಾನುಗಳನ್ನು ಜೋಡಿಸಿದರೆ 157 ಮಾತ್ರ. ಜೋಡಿಯೆಂದ ಮಾತ್ರಕ್ಕೆ ದೊಡ್ಡದಾಗುವುದಿಲ್ಲ. ಸ್ಥಳವಿದ್ದಷ್ಟು ದೊಡ್ಡದಾದ ಒಂದು ಫ್ಯಾನೇ ಸಾಮಾನ್ಯವಾಗಿ ಮೇಲು. ರೇಡಿಯೇಟರು ಬಹಳ ಅಗಲವಾಗಿ ಎತ್ತರ ಕಡಮೆಯಿದ್ದರೆ ಮಾತ್ರ ಎರಡು ಫ್ಯಾನುಗಳು ಉಚಿತ.

ವೃತ್ತದ ಹೊರಗುಳಿದ ಭಾಗದ ಗತಿಯೇನು? ಅದಕ್ಕಾಗಿಯೇ ಕವಚವುಂಟು, ಮೆಕ್ಯಾನಿಕರು ಇದನ್ನು ಶ್ರೌಡ್ ಎನ್ನುವರು. ರೇಡಿಯೇಟರಿನ ನಾಲ್ಕು ಅಂಚುಗಳನ್ನೂ ಮುಚ್ಚಿ, ನಡುವೆ ಫ್ಯಾನಿನ ಅಳತೆಯ ಕಂಡಿಯಿರುವ ತಗಡಿನ ಅಥವಾ ಪ್ಲಾಸ್ಟಿಕ್ಕಿನ ಪೆಟ್ಟಿಗೆಯಿದು. ಕವಚವಿದ್ದರೆ ಫ್ಯಾನು ಇಡೀ ರೇಡಿಯೇಟರಿನ ಮೂಲಕ ಗಾಳಿಯನ್ನೆಳೆಯುವುದು. ಇಲ್ಲದಿದ್ದರೆ ತನ್ನೆದುರಿನ ವೃತ್ತದಿಂದ ಮಾತ್ರ ಎಳೆದು, ಬದಿಗಳಿಂದ ಎಂಜಿನ್ನಿನ ಬಿಸಿಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುವುದು. ಕವಚಕ್ಕೂ ರೇಡಿಯೇಟರಿಗೂ ನಡುವೆ ಒಂದು ಅಂಗುಲಕ್ಕೆ ಕಡಮೆಯಿಲ್ಲದಂತೆ ತೆರಪಿರಬೇಕು. ತೀರ ಅಂಟಿಕೊಂಡರೆ ಮೂಲೆಗಳ ಗಾಳಿಯು ಸರಿದುಬರಲಾರದು. ನಮ್ಮ ಅನುಭವದಲ್ಲಿ ಚಿಕ್ಕ ಫ್ಯಾನಿಗೆ ಒಳ್ಳೆಯ ಕವಚವು, ಕವಚವಿಲ್ಲದ ದೊಡ್ಡ ಫ್ಯಾನಿಗಿಂತ ಲೇಸು. ಬೆಲ್ಟಿನ ಫ್ಯಾನಿಗೂ ಇದೇ ಮಾತು ಸಲ್ಲುವುದು.

ಫ್ಯಾನನ್ನು ರೇಡಿಯೇಟರಿನ ಹಿಂದೆ ಇಟ್ಟು ಎಳೆಯಿಸುವುದು ಮೇಲು. ಮುಂದೆ ಇಟ್ಟು ತಳ್ಳಿಸಿದರೆ ಗಾಡಿ ಓಡುವಾಗ ಎದುರುಗಾಳಿಗೆ ಅದೇ ಅಡ್ಡಿಯಾಗುವುದು. ಹಿಂದೆ ಸ್ಥಳವಿಲ್ಲದಿದ್ದಾಗ ಮಾತ್ರ ಮುಂದೆ ಇಡಬೇಕು. ಬಾಗಿದ ಅಲಗಿನ ಎಳೆಯುವ ಫ್ಯಾನನ್ನು ತಂತಿ ಅದಲುಬದಲು ಮಾಡಿ ತಳ್ಳುವುದಕ್ಕೆ ಬಳಸಿದರೆ ಅದು ಅರೆಮನಸ್ಸಿನಿಂದ ದುಡಿಯುವುದು. ಕೊಳ್ಳುವಾಗಲೇ ಯಾವ ರೀತಿಯದೆಂದು ಕೇಳಿ ಕೊಳ್ಳಬೇಕು. ರೇಡಿಯೇಟರಿನ ರೆಕ್ಕೆಗಳ ಮೂಲಕವೇ ಪ್ಲಾಸ್ಟಿಕ್ ಪಟ್ಟಿಗಳನ್ನು ತೂರಿಸಿ ಫ್ಯಾನನ್ನು ಬಿಗಿಯುವ ಪದ್ಧತಿಯೊಂದುಂಟು. ಗಾಡಿಯ ಅದಿರಾಟಕ್ಕೆ ಪಟ್ಟಿಯು ಕೊಳವೆಯನ್ನು ಉಜ್ಜಿ ಉಜ್ಜಿ ತೂತುಮಾಡುವುದು. ಕಬ್ಬಿಣದ ಪಟ್ಟಿಯಿಂದ ಚೌಕಟ್ಟಿಗೆ ಬಿಗಿಸಿಕೊಳ್ಳಿರಿ.

ವಿದ್ಯುತ್ತಿನ ಜಮಾಖರ್ಚು

ಮನೆಯೊಡತಿಗೆ ತಿಂಗಳ ಆಯವ್ಯಯವು ಹೇಗೋ, ಗಾಡಿಗೆ ಆಂಪಿಯರುಗಳ ಆಯವ್ಯಯವು ಹಾಗೆ. ಹಳೆಯ ಕಾರುಗಳಲ್ಲಿ ವಿದ್ಯುತ್ತನ್ನು ಹುಟ್ಟಿಸುವುದು ಡೈನಮೊ. ಅದರ ಗರಿಷ್ಠ ಸಂಪಾದನೆ 22 ಆಂಪಿಯರಿನ ಸುಮಾರು. ಎಂಜಿನ್ ಮೆಲ್ಲನೆ ತಿರುಗುವಾಗ ಸಂಪಾದನೆಯು ಬಹುಮಟ್ಟಿಗೆ ಸೊನ್ನೆ. ಖರ್ಚನ್ನು ನೋಡಿರಿ: ಫ್ಯಾನಿಗೆ 15, ಎರಡು ಮುಂದೀಪಗಳಿಗೆ 8, ಕಿಡಿಯ ಏರ್ಪಾಡಿಗೂ ಸಣ್ಣ ದೀಪಗಳಿಗೂ 6 ಅಥವಾ 7; ಒಟ್ಟು 30 ಆಂಪಿಯರು. ಜಾತ್ರೆಯ ಸಂಜೆ ಅರ್ಧ ಗಂಟೆ ಸಂದಣಿಯಲ್ಲಿ ನಿಂತರೆ 60 ಆಂಪಿಯರ್ ಗಂಟೆಯ ಬ್ಯಾಟರಿಯ ಕಾಲುಭಾಗವು ಖರ್ಚಾಗುವುದು. ಒಂದು ಗಂಟೆಯಾದರೆ ಅರ್ಧ. ಗಾಡಿಯು ಕುದಿಯದೆ ಉಳಿದರೂ ಮತ್ತೆ ಹೊರಡದೆ ನಿಂತಿತು!

ಆದುದರಿಂದ ಡೈನಮೊ ಇರುವ ಗಾಡಿಗೆ ಮೊದಲು ಆಲ್ಟರ್ನೇಟರನ್ನು ಹಾಕಿಸಿ, ಆಮೇಲೆ ದೊಡ್ಡ ಫ್ಯಾನಿನ ಯೋಚನೆ ಮಾಡತಕ್ಕದ್ದು. ಅಷ್ಟು ವೆಚ್ಚ ಬೇಡವೆಂದರೆ ಬೆಲ್ಟಿನ ಫ್ಯಾನನ್ನು ಹಾಗೆಯೇ ಉಳಿಸಿಕೊಂಡು, ಸಂದಣಿಯ ಹೊತ್ತಿಗೆ ಮಾತ್ರ ತಿರುಗುವ ಚಿಕ್ಕ ಸಹಾಯಕ ಫ್ಯಾನೊಂದನ್ನು ಮುಂದುಗಡೆ ಇಡಬಹುದು. ಇನ್ನೊಂದು ಎಚ್ಚರಿಕೆ: ಬಹಳ ಹಳೆಯ ಬ್ರಿಟಿಷ್ ಮಾದರಿಯ ಕೆಲವು ಗಾಡಿಗಳಲ್ಲಿ ಬ್ಯಾಟರಿಯ ಧನಧ್ರುವವನ್ನು ಗಾಡಿಯ ಮೈಗೆ ಸೇರಿಸಿರುವರು. ಇಂದಿನ ಫ್ಯಾನನ್ನು ಅದಕ್ಕೆ ಎಂದಿನ ಕ್ರಮದಲ್ಲಿ ಜೋಡಿಸಿದರೆ ತಿರುಗುಮುರುಗಾಗಿ ತಿರುಗಿ, ಎಂಜಿನ್ನಿನ ಬಿಸಿಗಾಳಿಯನ್ನು ರೇಡಿಯೇಟರಿಗೆ ಊದುವುದು.

ಫ್ಯಾನಿನ ಪ್ರವಾಹವನ್ನು ಮುಂಗಡೆಯ ಸಣ್ಣ ಗುಂಡಿಯ ಮೂಲಕ ಹರಿಸಬಾರದು. ಬ್ಯಾಟರಿಯಿಂದ ದಪ್ಪ ತಂತಿ, ಬ್ಯಾಟರಿಯ ಹತ್ತಿರವೇ ಫ್ಯೂಸು, ಮಧ್ಯೆ 30 ಅಥವಾ 40 ಆಂಪಿಯರಿನ ರಿಲೇ. ರಿಲೇಯನ್ನು ನಡೆಸುವುದಕ್ಕೆ ಶಾಖದ ಸ್ವಿಚ್ಚು. ತೆಳು ತಂತಿಯಲ್ಲಿ ಒಂದು ವೋಲ್ಟು ಕಳೆದುಹೋದರೂ ಫ್ಯಾನು ನಿಧಾನವಾಗಿ ಗಾಳಿಯು ತಗ್ಗುವುದು. ತಂತಿಯು ಕಾದು ಬೆಂಕಿಯ ಭಯವೂ ಉಂಟು. ಸ್ವಿಚ್ಚಿನ ಶಾಖವು ಥರ್ಮೋಸ್ಟಾಟು ತೆರೆಯುವ ಶಾಖಕ್ಕಿಂತ ಮೇಲಿರಬೇಕು. ಥರ್ಮೋಸ್ಟಾಟು 82 ಡಿಗ್ರಿಯಲ್ಲಿ ತೆರೆಯುವುದಾದರೆ ಫ್ಯಾನು 92ರ ಸುಮಾರಿನಲ್ಲಿ ಹೊರಟು 87ರ ಸುಮಾರಿನಲ್ಲಿ ನಿಲ್ಲುವಂತಿರಲಿ. ಕೆಳಗಿಟ್ಟರೆ ಫ್ಯಾನು ಎಂದಿಗೂ ನಿಲ್ಲದೆ ಬೇಗ ಸವೆಯುವುದು.

ಹೊಸದೋ, ಗುಜರಿಯದೋ

ಬೆಂಗಳೂರಿನ ಜೆ. ಸಿ. ರಸ್ತೆಯ ಅಂಗಡಿಗಳಲ್ಲಿ ಹೊಸ ಫ್ಯಾನುಗಳೂ, ಶಿವಾಜಿನಗರದ ಗುಜರಿಯಲ್ಲಿ ಬಿಚ್ಚಿದ ಕಾರುಗಳ ಫ್ಯಾನುಗಳೂ ದೊರೆಯುವುವು. ಕಾರಿನ ತಯಾರಕರೇ ಒಂದು ಗಾಡಿಗೆಂದು ರೂಪಿಸಿದ ಫ್ಯಾನು ಕವಚಸಹಿತವಾಗಿ ಸಿಕ್ಕಿ, ನಿಮ್ಮ ರೇಡಿಯೇಟರಿನ ಅಳತೆಗೆ ಹೊಂದಿದರೆ, ಹೆಸರಿಲ್ಲದ ಹೊಸ ಫ್ಯಾನಿಗಿಂತ ಅದೇ ಉತ್ತಮ. ಕೊಳ್ಳುವಾಗ ಅಲಗನ್ನು ಕೈಯಿಂದ ಅಲ್ಲಾಡಿಸಿ, ಅಚ್ಚು ಸಡಿಲವಿದೆಯೇ ನೋಡಿರಿ. ಬ್ಯಾಟರಿಗೆ ಸೇರಿಸಿ ಐದು ನಿಮಿಷ ತಿರುಗಿಸಿ, ಕೊರೆತದ ಸದ್ದನ್ನೂ ಸುಟ್ಟ ವಾಸನೆಯನ್ನೂ ಗಮನಿಸಿರಿ. ಆಂಪಿಯರನ್ನು ಮೀಟರಿನಿಂದ ಅಳೆಯಿಸಿರಿ.

ಈಚಿನ ಕಾರುಗಳ ಒಡೆಯರಿಗೆ ಒಂದು ಮಾತು. ನಿಮ್ಮ ಗಾಡಿಯ ಫ್ಯಾನನ್ನು ಗಣಕಯಂತ್ರವು ನಡೆಸುತ್ತಿರುವುದು. ಫ್ಯಾನು ತಿರುಗಲಿಲ್ಲವೆಂದರೆ ದೋಷವು ಎಷ್ಟೋ ಸಲ ಫ್ಯೂಸಿನಲ್ಲಿಯೋ ರಿಲೇಯಲ್ಲಿಯೋ ಇರುವುದು. ಅವನ್ನು ನೋಡದೆ ಫ್ಯಾನನ್ನು ಬದಲಿಸಬೇಡಿರಿ. ಬದಲಿಸಲೇಬೇಕಾದರೆ ಅದೇ ಮಾದರಿಯದನ್ನು ಹಾಕಿಸಿರಿ.

ಕೂರಿಸಿದ ಮೇಲೆ ಎರಡು ಪರೀಕ್ಷೆಗಳು. ಮೊದಲನೆಯದು: ಫ್ಯಾನು ತಿರುಗುವಾಗ ವೃತ್ತಪತ್ರಿಕೆಯ ಹಾಳೆಯೊಂದನ್ನು ಗಾಡಿಯ ಮುಂಬದಿಯಿಂದ ರೇಡಿಯೇಟರಿಗೆ ಒಡ್ಡಿರಿ. ಹಾಳೆಯು ಅಂಟಿಕೊಂಡು ನಿಲ್ಲಬೇಕು; ಮೂಲೆಗಳಲ್ಲಿಯೂ ಅಂಟಿದರೆ ಕವಚವು ಸರಿಯಾಗಿದೆಯೆಂದು ಅರ್ಥ. ದೂರ ತಳ್ಳಿದರೆ ಫ್ಯಾನು ತಿರುಗುಮುರುಗಾಗಿದೆ. ಎರಡನೆಯದು: ಮಧ್ಯಾಹ್ನದ ಬಿಸಿಲಿನಲ್ಲಿ, ಬಯಲಾದ ಸ್ಥಳದಲ್ಲಿ, ಎಂಜಿನ್ನನ್ನು ಅರ್ಧ ಗಂಟೆ ನಿಂತಂತೆಯೇ ನಡೆಸಿರಿ. ಫ್ಯಾನು ಹೊರಡುವುದನ್ನು ಎಲ್ಲರೂ ನೋಡುವರು. ನೋಡಬೇಕಾದುದು ಅದು ನಿಲ್ಲುವುದನ್ನು. ಹೊರಟು, ನೀರನ್ನು ತಣಿಸಿ, ನಿಂತು, ಮತ್ತೆ ಹೊರಡುವ ಫ್ಯಾನು ಗಾಡಿಗೆ ಸಾಕಾದುದು. ಹೊರಟದ್ದು ನಿಲ್ಲದೆಯೇ ಇದ್ದರೆ, ಮುಳ್ಳು ಇನ್ನೂ ಮೇಲೇರದಿದ್ದರೂ, ಜಾತ್ರೆಯ ದಿನಕ್ಕೆ ಅದು ಸಾಲದು.

ಮನೆಯವರೆಲ್ಲರೂ ತಿಳಿದಿರಬೇಕಾದುದು

ವಿದ್ಯುತ್ ಫ್ಯಾನು ಎಂಜಿನ್ ನಿಂತ ಮೇಲೆಯೂ ತಟ್ಟನೆ ತಿರುಗಬಹುದು. ಮುಂಬಾಗಿಲನ್ನು ತೆರೆದಿರುವಾಗ ಮಕ್ಕಳ ಬೆರಳು, ಸೀರೆಯ ಸೆರಗು, ಹೆಗಲ ವಸ್ತ್ರ ಹತ್ತಿರ ಸುಳಿಯಬಾರದು. ಕೈ ಹಾಕುವುದಕ್ಕೆ ಮೊದಲು ಬ್ಯಾಟರಿಯ ತಂತಿಯನ್ನು ಬಿಚ್ಚತಕ್ಕದ್ದು. ಗಾಡಿ ಕುದಿದಾಗ ಏರ್ ಕಂಡೀಷನರನ್ನು ನಿಲ್ಲಿಸಿ, ಹೀಟರಿದ್ದರೆ ಪೂರ್ತಿಯಾಗಿ ತೆರೆದು, ಪಕ್ಕಕ್ಕೆ ತಂದು ಎಂಜಿನ್ನನ್ನು ನಿಲ್ಲಿಸಿರಿ. ಬಿಸಿಯಾದ ಮುಚ್ಚಳವನ್ನು ಯಾವ ಕಾರಣಕ್ಕೂ ತಿರುಗಿಸಬೇಡಿರಿ; ಒತ್ತಡದಿಂದ ಚಿಮ್ಮುವ ನೀರು ಮುಖವನ್ನೇ ಬೇಯಿಸಿಬಿಡುವುದು. ಅರ್ಧ ಗಂಟೆಯಾದರೂ ಕಾದು, ಮುಟ್ಟಿದರೆ ಸಹಿಸುವಂತಾದ ಮೇಲೆ ದಪ್ಪ ಬಟ್ಟೆ ಹಿಡಿದು ಮೆಲ್ಲನೆ ಬಿಚ್ಚಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಬಿರುಕು ಬಿಡುವ ಸಂಭವವುಂಟು. ರೇಡಿಯೇಟರಿನ ಬಣ್ಣದ ದ್ರವದಲ್ಲಿ ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಇರುವುದು. ಅದು ಸಿಹಿಯಾದರೂ ವಿಷ. ಅದನ್ನು ನೆಲಕ್ಕೆ ಚೆಲ್ಲಿ ಬಿಡಬೇಡಿರಿ. ದನಕರುಗಳು ನೆರೆಯುವ ಸ್ಥಳದಲ್ಲಿ ಈ ಎಚ್ಚರವು ಇಮ್ಮಡಿ ಅವಶ್ಯ.

ನಮ್ಮ ವಾಚಕರಿಗೆ ಸಂಗ್ರಹವಾಗಿ ಹೇಳುವುದಿಷ್ಟು. ಗಾಡಿಯನ್ನು ಮಾರುವ ಅವಶ್ಯಕತೆಯೇನೂ ಕಾಣುವುದಿಲ್ಲ. ಈ ವಾರ ರೇಡಿಯೇಟರನ್ನು ತೊಳೆಯಿಸಿ, ಬೆಲ್ಟನ್ನು ಬಿಗಿಯಿಸಿ, ಹೊಸ ಮುಚ್ಚಳವನ್ನು ಹಾಕಿಸಿರಿ. ಈಗಿರುವ ಫ್ಯಾನಿಗೆ ಕವಚವಿಲ್ಲದಿದ್ದರೆ ತಗಡಿನ ಕೆಲಸದವರಿಂದ ಅಳತೆಗೆ ತಕ್ಕ ಕವಚವನ್ನು ಮಾಡಿಸಿರಿ. ಎಷ್ಟೋ ಗಾಡಿಗಳು ಇಷ್ಟಕ್ಕೇ ಗುಣವಾಗುವುವು. ಆಗಲೂ ಕಾದರೆ, ಗಾಡಿಯಲ್ಲಿರುವುದು ಆಲ್ಟರ್ನೇಟರೆಂದು ಖಚಿತಪಡಿಸಿಕೊಂಡು, ಹಿಂದಿನಿಂದ ಎಳೆಯುವ, 14 ರಿಂದ 16 ಅಂಗುಲದ, 15 ಆಂಪಿಯರಿನ ಸುಮಾರಿನ ಫ್ಯಾನೊಂದನ್ನು ಕವಚ, ರಿಲೇ, ಫ್ಯೂಸುಗಳ ಸಮೇತ ಹಾಕಿಸಿರಿ. ಅಂಗಡಿಯವರು ತೋರಿಸಿದ ಡಬ್ಬಿಯಲ್ಲಿ ಆಂಪಿಯರಿನ ಮಾತೇ ಇಲ್ಲದಿದ್ದರೆ ಅದು ಅಲ್ಲಿಯೇ ಇರಲಿ. ಮುಂದಿನ ಸಂಕ್ರಾಂತಿಗೆ ಇನ್ನೂ ಕಾಲವಿದೆ. ಪರೀಕ್ಷೆಯನ್ನು ಮನೆಯ ಮುಂದೆ ಮಾಡಿ ಮುಗಿಸಿದರೆ, ತಾಯಿಯವರು ತಮ್ಮ ಯಜಮಾನರ ಗಾಡಿಯಲ್ಲಿಯೇ ಸ್ವಾಮಿಯ ದರ್ಶನಕ್ಕೆ ನಿಶ್ಚಿಂತೆಯಾಗಿ ಹೋಗಿಬರಬಹುದು.